ಧೂಳಿನ ರೂಢಿ

ಅರ್ಧ ತಾಸು ಒಂದೇ ಕಡೆ ಸುಮ್ಮನೆ ಕೂಡ್ರುವುದು ನನ್ನ ಜಾಯಮಾನದಲ್ಲೇ ಇಲ್ಲ. ಊಟಕ್ಕೆ ಕೂತರೂ ಎರಡನೇ ರೊಟ್ಟಿಗೆ ಏಳುವವನು ನಾನು. ರೋಣದ ಮಾರ್ಕೆಟ್ಟಿನಲ್ಲಿ ನಮ್ಮದು ದಲಾಲಿ ಅಂಗಡಿ. ಕಡಲೆ, ಜೋಳ ಬಂದವೆಂದರೆ ಈ ಚೀಲಕ್ಕೊಮ್ಮೆ ಆ ಚೀಲಕ್ಕೊಮ್ಮೆ ಕೈ ಹಾಕುತ್ತ ಓಡಾಡುತ್ತಲೇ ಇರಬೇಕು, ಅಲ್ಲಿ ನನ್ನ ಈ ಚಟಕ್ಕೆ ಯಾರ ತಕರಾರೂ ಇಲ್ಲ. ಇಂಥವನನ್ನು ಪ್ರತಿ ಮಂಗಳವಾರ ಗದಗಿನ ಒಂದು ದವಾಖಾನೆಯ ಬೆಂಚಿನ ಮೇಲೆ ಅರ್ಧ ತಾಸು ಕೂಡ್ರಿಸಿದರೆ ಏನಾಗಬೇಡ?

ಕೂಡ್ರುತ್ತಿದ್ದುದು ಮಗಳ ಸಲುವಾಗಿ. ಆಗ ಅವಳಿಗೆ ಎಂಟು ವರ್ಷ, ಮೂರನೇ ಇಯತ್ತೆ. ತೋಳಿಗೆ ಒಂದು ಸಣ್ಣ ಇಂಜೆಕ್ಷನ್. ಅವಳು ಮುಖ ಕಿವುಚುವಷ್ಟರಲ್ಲಿ ಮುಗಿದಿರುತ್ತಿತ್ತು. ಆದರೆ ಆಮೇಲೆ ಅರ್ಧ ತಾಸು ಅಲ್ಲಿಂದ ಕದಲುವಂತಿಲ್ಲ. ಅಪರೂಪಕ್ಕೆ ಯಾರಿಗಾದರೂ ಮೈಮೇಲೆ ದದ್ದು ಎದ್ದು ಉಸಿರು ಕಟ್ಟುವುದುಂಟಂತೆ, ಆಗ ಡಾಕ್ಟರು ಹತ್ತಿರ ಇರಬೇಕಂತೆ. ಇದನ್ನು ಕೇಳಿದ ಮೇಲೆ ಯಾವ ತಂದೆ ನೆಮ್ಮದಿಯಿಂದ ಕೂತಾನು? ನಾನು ನಿಮಿಷಕ್ಕೊಮ್ಮೆ ಅವಳ ತೋಳು ನೋಡುತ್ತಿದ್ದೆ, ತುಟಿ ನೋಡುತ್ತಿದ್ದೆ, ಬಾಗಿಲ ತನಕ ಹೋಗಿ ಬರುತ್ತಿದ್ದೆ, ಗೋಡೆಯ ಗಡಿಯಾರ ನಿಂತಿದೆಯೋ ಏನೋ ಎಂದು ಕೈಗಡಿಯಾರ ನೋಡುತ್ತಿದ್ದೆ.

"ಅಪ್ಪಾ, ಕುಂದರೋ ಮಾರಾಯಾ. ಎಲ್ಲಾರೂ ನಿನ್ನ ನೋಡಾಕತ್ತಾರ," ಅನ್ನುತ್ತಿದ್ದಳು.

ಎಲ್ಲಾ ಸುರುವಾದದ್ದು ಸೀನಿನಿಂದ. ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಇಟ್ಟಳೋ ಇಲ್ಲವೋ, ಒಂದರ ಬೆನ್ನಿಗೆ ಒಂದು ಸೀನು. ಅಂಗೈಯಿಂದ ಮೂಗು ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿತ್ತು. ಮನೆಯಲ್ಲಿ ಎಲ್ಲರೂ ನೆಗಡಿ ಎಂದರು. ನಾನೊಬ್ಬ ಅನ್ನಲಿಲ್ಲ. ಯಾಕೆಂದರೆ ನನ್ನದೂ ಹೀಗೆಯೇ ಸುರುವಾಗಿತ್ತು. ಒಂಬತ್ತನೇ ವರ್ಷದ ತನಕ ಬರೀ ಸೀನು. ಆಮೇಲೆ ಒಂದು ದಿನ ಹಿರಿಯರು "ನೆಗಡಿ ಎದಿಗಿ ಇಳೀತು" ಅಂದರು. ಇಳಿದದ್ದು ಮತ್ತೆ ಹೋಗಲೇ ಇಲ್ಲ. ನಮ್ಮ ಕಡೆ ಅದಕ್ಕೆ ಅಸ್ತಮಾ ಅನ್ನುವವರು ಕಡಿಮೆ, ದಮ್ಮು ಅನ್ನುತ್ತಾರೆ. ಈಗ ನನಗೆ ನಲವತ್ತು ದಾಟಿದೆ, ಕಿಸೆಯಲ್ಲಿ ಉಸಿರಿಗೆ ಎಳೆಯುವ ಪಂಪ್ ಇಲ್ಲದೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಮಗಳಿಗೆ ಅದು ಬರಬಾರದು. ನನಗೆ ಬೇಕಾಗಿದ್ದು ಇಷ್ಟೇ. ಹೆಂಡತಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್, ನರಗುಂದದವಳು, ನನ್ನಷ್ಟು ಗಾಬರಿ ಬೀಳುವವಳಲ್ಲ. ಆದರೂ ಗದಗಿಗೆ ಹೋಗೋಣ ಎಂದು ಮೊದಲು ಅಂದವಳು ಅವಳೇ.

ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಮಗಳ ಮುಂಗೈ ಮೇಲೆ ಸಾಲಾಗಿ ಹನಿಗಳನ್ನು ಇಟ್ಟು, ಪ್ರತಿ ಹನಿಯ ಮೇಲೂ ಸೂಜಿಯ ಮೊನೆ ತಾಗಿಸಿ ಸ್ವಲ್ಪ ಹೊತ್ತು ಬಿಟ್ಟರು. ಒಂದು ಹನಿಯ ಜಾಗ ಮಾತ್ರ ಸೊಳ್ಳೆ ಕಡಿದಂತೆ ದಪ್ಪಗೆ ಎದ್ದಿತು. ಮನೆಯ ಧೂಳಿನಲ್ಲಿ ಇರುವ ಹುಳವಂತೆ ಅದು. ಕಣ್ಣಿಗೆ ಕಾಣುವುದಿಲ್ಲ, ಹಾಸಿಗೆ, ದಿಂಬು, ಹಳೇ ಬಟ್ಟೆಯಲ್ಲಿ ಇರುತ್ತದಂತೆ.

"ನೋಡ್ರಿ," ಅಂದರು ಡಾಕ್ಟರು, "ಈಗ ಇದು ಮೂಗಿನಾಗ ಐತಿ. ಇಂಥಾ ಮಕ್ಕಳಾಗ ಕೆಲವರಿಗೆ ಮುಂದ ದಮ್ಮು ಬರ್ತೈತಿ. ಮನಿಯಾಗ ನಿಮಗೂ ಐತಿ ಅಂತೀರಿ. ಅದೇ ಹುಳದ ಸತ್ವಾನ ಸಣ್ಣ ಸಣ್ಣ ಪ್ರಮಾಣದಾಗ ಚರ್ಮದ ಕೆಳಗ ಕೊಟ್ಟು, ವಾರಕ್ಕ ಸ್ವಲ್ಪ ಏರಿಸ್ಕೊಂತ, ದೇಹಕ್ಕ ರೂಢಿ ಮಾಡಸ್ತೀವಿ. ಆಮ್ಯಾಲ ತಿಂಗಳಿಗೊಮ್ಮೆ. ಮೂರು ವರ್ಷ ಹಿಡೀತೈತಿ. ದಮ್ಮು ತಡೀಬಹುದು. ತಡದ ತಡೀತೈತಿ ಅಂತ ಖಾತ್ರಿ ಕೊಡಾಕ ಆಗೂದಿಲ್ರಿ."

ಖಾತ್ರಿ ಇಲ್ಲ ಅಂದದ್ದು ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ಉಳಿದದ್ದನ್ನು ಅರ್ಧಮರ್ಧ ಕೇಳಿಸಿಕೊಂಡೆ. ಹೆಂಡತಿ ಮಾತ್ರ ಎಲ್ಲವನ್ನೂ ಕೂಲಂಕಷವಾಗಿ ಕೇಳಿದಳು: ಹಾಸಿಗೆಯ ಬಟ್ಟೆಯನ್ನು ವಾರಕ್ಕೊಮ್ಮೆ ಕಾದ ನೀರಿನಲ್ಲಿ ಒಗೆಯಬೇಕು, ಹಳೇ ಕೌದಿಗಳನ್ನು ಹುಡುಗಿಯ ಹತ್ತಿರ ತರಬಾರದು.

ಕೌದಿ ಅಂದರೆ ನಮ್ಮ ಮನೆಯಲ್ಲಿ ಅವ್ವನ ಜೀವ. ನನ್ನ ಅವ್ವನಿಗೆ ಆಗಲೇ ಎಪ್ಪತ್ತರ ಹತ್ತಿರ. ಮನೆತನದ ಹೆಂಗಸರು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಸೂಡಿಯಿಂದ ಬರುವ ಒಬ್ಬ ಹೆಣ್ಣುಮಗಳ ಕೈಯಲ್ಲಿ ಹೊಲಿಸಿದ ಕೌದಿಗಳವು. ಅವುಗಳಲ್ಲಿ ಒಂದು ಅವ್ವನ ತಾಯಿಯ ಇಳಕಲ್ ಸೀರೆಗಳದ್ದು. ಹುಟ್ಟಿದಾಗ ನನ್ನನ್ನು ಮಲಗಿಸಿದ್ದು ಅದರ ಮೇಲೆ, ನನ್ನ ಮಗಳನ್ನು ಮಲಗಿಸಿದ್ದೂ ಅದರ ಮೇಲೆ. ಹೆಂಡತಿ ಕೌದಿಗಳನ್ನೆಲ್ಲ ಟ್ರಂಕಿಗೆ ತುಂಬುವಾಗ ಅವ್ವ ತಾನೇ ಸೊಸೆಗೆ ಟ್ರಂಕಿನ ಮುಚ್ಚಳ ಹಿಡಿದುಕೊಟ್ಟಳು.

ಸಂಜೆ ಅವ್ವ ಜೋಳ ಹಸನು ಮಾಡುತ್ತ ಕೇಳಿದಳು, "ಏನಂದ್ರಪಾ ಡಾಕ್ಟರು?"

ನನಗೆ ಅಂಗಡಿಗೆ ಹೋಗುವ ಅವಸರ. ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಅಂದೆ, "ಯಾವ ಧೂಳಿಂದ ತ್ರಾಸ ಆಗತೈತೋ ಅದನ್ನ ಸಣ್ಣಗೆ ಸಣ್ಣಗೆ ರೂಢಿ ಮಾಡಸ್ತಾರಂತ."

"ಅಂದ್ರ, ಧೂಳನ್ನ ಕೊಡ್ತಾರೇನು?"

"ಹೂಂ ಅವ್ವಾ, ಧೂಳನ್ನ ಕೊಡ್ತಾರ."

ಅವ್ವ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಮತ್ತ ನಿನ್ನನ್ನ ನಾವು ಧೂಳಿನಿಂದ ದೂರ ಇಟ್ಟಿವೆಲ್ಲೋ," ಅಂದಳು. ನಾನು ಅಷ್ಟರಲ್ಲಿ ಹೊಸ್ತಿಲು ದಾಟಿದ್ದೆ. ಎರಡು ನಿಮಿಷ ನಿಂತು ಮಾತಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿಲ್ಲಲಿಲ್ಲ.

ದೀಪಾವಳಿ ಮುಗಿದ ಮೇಲೆ ಇಂಜೆಕ್ಷನ್ ಸುರುವಾಯಿತು. ಮಂಗಳವಾರ ಬೆಳಿಗ್ಗೆ ಬಸ್ಸು, ಇಂಜೆಕ್ಷನ್, ಅರ್ಧ ತಾಸಿನ ಶಿಕ್ಷೆ, ಮಧ್ಯಾಹ್ನದ ಹೊತ್ತಿಗೆ ಮನೆ. ಊಟ ಮಾಡಿ ಮಗಳು ಅವ್ವನ ಕೋಣೆಯಲ್ಲಿ ಒಂದು ನಿದ್ದೆ ತೆಗೆಯುವಳು. ಹೆಂಡತಿಗೆ ಶಾಲೆ, ನನಗೆ ಅಂಗಡಿ. ಕೋಣೆಯ ಬಾಗಿಲು ಮುಂದೆ ಮಾಡಿರುತ್ತಿತ್ತು, ಹುಡುಗಿ ಮಲಗಿದ್ದಾಳೆ ಅಂದುಕೊಂಡು ನಾವ್ಯಾರೂ ಇಣುಕುತ್ತಿರಲಿಲ್ಲ.

ಆಮೇಲೆ ಕಡಲೆ ಸುಗ್ಗಿ ಬಂತು. ಸುಗ್ಗಿಯಲ್ಲಿ ದಲಾಲಿ ಅಂಗಡಿಯವನಿಗೆ ಸಾಯಲಿಕ್ಕೂ ಪುರಸೊತ್ತು ಇರುವುದಿಲ್ಲ. ಒಂದು ಮಂಗಳವಾರ ಮಾಲು ಹೆಚ್ಚು ಬಂದು ಅಂಗಡಿ ಬಿಟ್ಟು ಹೊರಡಲು ಆಗಲಿಲ್ಲ. ಖರೇ ಹೇಳುತ್ತೇನೆ, ಆಗಲಿಲ್ಲ ಅನ್ನುವುದು ಅರ್ಧ ಸುಳ್ಳು. ಆ ಬೆಂಚಿನ ಮೇಲೆ ಕೂಡ್ರುವುದು ನನಗೆ ಬೇಡವಾಗಿತ್ತು. ಮನೆಯಲ್ಲಿ "ಡಾಕ್ಟರು ಊರಾಗಿಲ್ಲಂತ" ಅಂದೆ. ಹೆಂಡತಿ ನಂಬಿದಳು, ಮಗಳು ಕುಣಿದಾಡಿದಳು. ಒಮ್ಮೆ ಆಡಿದ ಸುಳ್ಳು ಎರಡನೇ ಸಲ ಸಲೀಸು. ಮುಂದಿನ ಮಂಗಳವಾರವೂ "ಇನ್ನೂ ಬಂದಿಲ್ಲಂತ" ಅಂದು, ಮೋಟರ್‌ಸೈಕಲ್ ಹತ್ತಿ ಕಡಲೆ ನೋಡಲು ಗಜೇಂದ್ರಗಡಕ್ಕೆ ಹೋಗಿಬಿಟ್ಟೆ.

ಆ ದಿನ ಸಂಜೆ ತಿರುಗಿ ಬಂದಾಗ ಮಗಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಎರಡೂ ಕೈ ಮೊಣಕಾಲ ಮೇಲೆ ಊರಿ, ಭುಜ ಮೇಲೆ ಎತ್ತಿಕೊಂಡು. ಹಾಗೆ ಯಾರೂ ಸುಮ್ಮನೆ ಕೂಡ್ರುವುದಿಲ್ಲ. ಹಾಗೆ ಕೂಡ್ರುವುದು ನನಗೆ ಗೊತ್ತು. ಹತ್ತಿರ ಹೋಗಿ ಕಿವಿಗೊಟ್ಟೆ. ಉಸಿರು ಬಿಡುವಾಗ ಒಳಗಿಂದ ಸಣ್ಣಗೆ ಸೀಟಿ.

"ಏನಾಗೈತಿ ಮಗಳ?"

"ಏನಿಲ್ಲಪ್ಪಾ, ಎದಿ ಬಿಗದೈತಿ."

ಅವಳನ್ನು ಮೋಟರ್‌ಸೈಕಲ್ ಮೇಲೆ ಮುಂದೆ ಕೂಡ್ರಿಸಿಕೊಂಡು, ಹಿಂದೆ ಹೆಂಡತಿ, ಊರಿನ ದವಾಖಾನೆಗೆ ಓಡಿದೆವು. ಮೂಗು ಬಾಯಿಗೆ ಮಾಸ್ಕ್ ಹಚ್ಚಿ ಔಷಧದ ಹೊಗೆ ಕೊಟ್ಟರು. ಅರ್ಧ ತಾಸಿನಲ್ಲಿ ಸೀಟಿ ನಿಂತಿತು, ಭುಜ ಕೆಳಗಿಳಿದವು, ಹಸಿವು ಅಂದಳು. ಅಲ್ಲಿಂದಲೇ ಗದಗಿನ ಡಾಕ್ಟರಿಗೆ ಫೋನ್ ಮಾಡಿದೆ. "ಎದಿ ಪೂರ್ತಿ ಹಗುರಾಗೂ ಮಟ ಇಂಜೆಕ್ಷನ್ ಬ್ಯಾಡ. ಮುಂದಿನ ಮಂಗಳವಾರ ಕರಕೊಂಡು ಬರ್ರಿ, ನೋಡೂಣು. ನಡುವ ತ್ರಾಸ ಆದ್ರ ತಡಾ ಮಾಡಬ್ಯಾಡ್ರಿ," ಅಂದರು. ಬೇರೇನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದು ಮಗಳ ದಿಂಬು ತರಲು ಅವ್ವನ ಕೋಣೆಗೆ ಹೋದೆ. ಮಂಚದ ಮೇಲೆ ಆ ಇಳಕಲ್ ಕೌದಿ ಪೂರ್ತಿ ಬಿಚ್ಚಿ ಹಾಸಿತ್ತು. ನಡುವೆ ಮಗು ಮಲಗೆದ್ದ ಗುರುತು.

"ಅವ್ವಾ! ಏನಿದು?"

ಅವ್ವ ಬಾಗಿಲಲ್ಲೇ ನಿಂತಳು. ಅವಳ ಮುಖದಲ್ಲಿ ಕಳ್ಳತನ ಇರಲಿಲ್ಲ, ದಿಗಿಲಿತ್ತು. "ನೀನ ಹೇಳಿದ್ಯಲ್ಲೋ, ಧೂಳನ್ನ ರೂಢಿ ಮಾಡಸ್ತಾರಂತ. ಡಾಕ್ಟರ್ ಬಾಯಿ ಅಲ್ಲಿ ಮಾಡಸ್ತಾಳ, ನಾನು ಮನಿಯಾಗ ಮಾಡಸಿದ್ನೆಪಾ. ಒಮ್ಮೆಲೆ ಹೊಚ್ಚಿಲ್ಲ. ಮೊದಲನೇ ವಾರ ಮಡಚಿದ್ದನ್ನ ಹಂಗ ತಲಿ ಕಡೆ ಇಟ್ಟೆ. ಆಮ್ಯಾಲ ಮಂಗಳವಾರಕ್ಕೊಂದು ಮಡಿಕಿ ಸಡಲಿಸಿಕೊಂತ, ಅಕಿ ಸೂಜಿ ಹ್ಯಾಂಗ ಏರಸತಾಳೋ ಹಾಂಗ ಏರಿಸಿದೆ. ಚೂರು ಚೂರ ಸಡಲಿಸೀನಿ. ಒಂದ ವಾರಾನೂ ತಪ್ಪಿಸಿಲ್ಲ."

"ಮತ್ತ ಇವತ್ತು ಪೂರ್ತಿ ಬಿಚ್ಚೀದಿ?"

"ಡಾಕ್ಟರ್ ಊರಾಗಿಲ್ಲಂತ ನೀನ ಅಂದ್ಯಲ್ಲ. ಅಲ್ಲಿದು ತಪ್ಪಿತು, ಇಲ್ಲ್ಯಾದ್ರೂ ಸರಿ ಹೋಗಲಿ ಅಂತ ಎರಡು ವಾರದಾಗ ಉಳದದ್ದನ್ನೆಲ್ಲ ಬಿಚ್ಚಿದೆ."

ಇದನ್ನು ಕೇಳಿ ನನಗೆ ನಾಚಿಕೆ ಆಗಬೇಕಿತ್ತು. ಆಯಿತು ಕೂಡ. ಆದರೆ ನನ್ನ ನಾಚಿಕೆಗೆ ಬಾಯಿ ದೊಡ್ಡದು. ಓಣಿಯವರಿಗೆಲ್ಲ ಕೇಳುವ ಹಾಗೆ ಒದರಿದೆ. ಬುದ್ಧಿ ಐತೇನು ನಿನಗ ಅಂದೆ, ಕೂಸಿನ ಜೀವದ ಕೂಡ ಆಟ ಆಡ್ತೀ ಅಂದೆ. ಕೌದಿಯನ್ನು ಎಳೆದು ಹಿತ್ತಲಿಗೆ ಎಸೆದೆ. ಹೆಂಡತಿ "ಸಾಕ್ರಿ, ಸಾಕು" ಅನ್ನುತ್ತಿದ್ದಳು. ಆಗ ನನ್ನ ಬಾಯಿಂದ ಬರಬಾರದ್ದು ಬಂತು:

"ನನ್ನನ್ನಂತೂ ಹಿಂಗ ಮಾಡಿ ಇಟ್ಟಿ. ಈಗ ಇಕಿನ್ನೂ ಮಾಡ್ತೀಯೇನು?"

ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು ಹಿತ್ತಲಿಗೆ ಹೋದಳು.

ಆ ವಾರ ಹೇಗೆ ಕಳೆಯಿತೋ. ಅಂಗಡಿಯಲ್ಲಿ ಕೂತರೆ ಮನೆಯ ಕಡೆ ಜೀವ, ಮನೆಯಲ್ಲಿ ನಿಂತರೆ ಅಂಗಡಿಗೆ ಓಡುವ ಮನಸ್ಸು. ತಾಸಿಗೊಮ್ಮೆ ಫೋನ್ ಮಾಡಿ "ಉಸಿರು ಹ್ಯಾಂಗೈತಿ?" ಎಂದು ಕೇಳುತ್ತಿದ್ದೆ. ಹೆಂಡತಿ ಕೊನೆಗೆ, "ಅಕಿ ಬರೋಬ್ಬರಿ ಅದಾಳ, ನಿಮ್ಮ ಉಸಿರ ಸರಿ ಇಲ್ಲ ನೋಡ್ರಿ," ಎಂದು ಫೋನ್ ಇಟ್ಟಳು. ಅವ್ವ ಊಟಕ್ಕೆ ಬಡಿಸುತ್ತಿದ್ದಳು, ರೊಟ್ಟಿ ಬೇಕಾ ಎಂದು ಕೇಳುತ್ತಿರಲಿಲ್ಲ. ನಾನು ಎರಡು ಸಲ ಅವಳ ಕೋಣೆಯ ಬಾಗಿಲ ತನಕ ಹೋದೆ, ಎರಡು ಸಲವೂ ತಿರುಗಿ ಬಂದೆ. ತಪ್ಪಾಯಿತು ಅನ್ನಬೇಕಾದರೆ ಎರಡು ಮಂಗಳವಾರದ ಸುದ್ದಿಯನ್ನೂ ಹೇಳಬೇಕಲ್ಲ.

ಮುಂದಿನ ಮಂಗಳವಾರ ಬೆಳಿಗ್ಗೆ ನಾನೂ ಮಗಳೂ ಹೊರಟು ನಿಂತರೆ ಅವ್ವ ಸೀರೆ ಬದಲಿಸಿ ಬಂದಳು.

"ನಾನೂ ಬರ್ತೀನಿ."

"ನೀ ಯಾಕ?"

"ಬರ್ತೀನಿ ಅಂದ್ನೆಲ್ಲ."

ಬಸ್ಸಿನಲ್ಲಿ ಮಗಳು ನಮ್ಮಿಬ್ಬರ ನಡುವೆ ಕೂತು ಪೂರ್ತಿ ದಾರಿ ಮಾತಾಡಿದಳು. ನಾವಿಬ್ಬರೂ ಅವಳಿಗೆ ಉತ್ತರ ಕೊಟ್ಟೆವು, ಒಬ್ಬರಿಗೊಬ್ಬರು ಕೊಡಲಿಲ್ಲ.

ಡಾಕ್ಟರು ಹುಡುಗಿಯ ಬೆನ್ನು, ಎದೆ ಎಲ್ಲ ಕಡೆ ಯಂತ್ರ ಇಟ್ಟು ಕೇಳಿದರು. ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದರು, ಮೂರು ಸಲ. "ಎದಿ ತಿಳಿ ಐತಿ," ಅಂದರು. ನಾನು ತಡೆದಿದ್ದ ಉಸಿರು ಬಿಟ್ಟೆ. ಆಗ ಅವರು ಇಂಜೆಕ್ಷನ್ ಕಾರ್ಡ್ ತೆಗೆದು ನೋಡಿದರು.

"ಇದೇನ್ರಿ, ಹೋದ ಎರಡು ಮಂಗಳವಾರದ್ದು ಖಾಲಿ ಐತಿ?"

ನಾನು ಗಡಿಯಾರ ನೋಡಿದೆ, ಕಿಟಕಿ ನೋಡಿದೆ.

ಅವ್ವ ನಡುವೆ ಬಾಯಿ ಹಾಕಿದಳು, "ನೀವು ಊರಾಗ ಇರಲಿಲ್ಲಂತಲ್ರಿ ಬಾಯಾರ."

"ಇಲ್ಲಬೇ ಅಜ್ಜಿ, ಎರಡೂ ವಾರ ನಾನು ಇಲ್ಲೇ ಇದ್ನೆಲ್ಲ."

ಅವ್ವ ತಿರುಗಿ ನನ್ನ ಮುಖ ನೋಡಿದಳು. ಅಂಥ ನೋಟವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸಿಟ್ಟಿನದ್ದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ಡಾಕ್ಟರ ಮುಂದೆ ಎಲ್ಲ ಹೇಳುತ್ತಾಳೆ ಅಂದುಕೊಂಡೆ. ಅವಳು ಹೇಳಿದ್ದು ತನ್ನದನ್ನು ಮಾತ್ರ. "ತಪ್ಪು ನಂದೈತ್ರಿ. ರೂಢಿ ಆಗಲಿ ಅಂತ ನಾನ ಅಕಿಗೆ ಹಳೇ ಕೌದಿ ಹಾಸಿದ್ದೆ," ಎಂದು ಮಡಿಕೆಗಳ ಲೆಕ್ಕ ಸಮೇತ ಒಪ್ಪಿಸಿದಳು.

ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಅಜ್ಜಿ, ನೀವು ಹೇಳಿದ ಮಾತು ಸುಳ್ಳಲ್ಲ, ಜಾಗ ತಪ್ಪೈತಿ. ನಾವು ಕೊಡೂದು ಸ್ವಚ್ಛ ಮಾಡಿ, ಅಳತಿ ಮಾಡಿದ್ದು, ಚರ್ಮದ ಕೆಳಗ. ಕೌದ್ಯಾಗಿಂದು ಮೂಗಿನಿಂದ ನೆಟ್ಟಗ ಎದಿಗಿ ಹೋಗತೈತಿ. ಅದಕ್ಕ ಅಳತಿ ಇಲ್ಲ. ಇನ್ನು ಮುಂದ ಬ್ಯಾಡ." ನನ್ನ ಕಡೆ ತಿರುಗಿದರು. "ಮೊನ್ನೆ ಆದದ್ದು ಕೌದಿಯಿಂದನೋ, ನಡುವ ನೆಗಡಿ ಬಂದಿತ್ತೋ, ಹೇಳಾಕ ಬರೂದಿಲ್ಲ. ಒಂದ ಸಲ ಆದದ್ದಕ್ಕ ನಾನು ದಮ್ಮು ಅಂತ ಹೆಸರು ಇಡೂದಿಲ್ಲ. ಆದ್ರ ವಾರ ತಪ್ಪಿದ್ದಕ್ಕ ಪ್ರಮಾಣ ಇಳಿಸಬೇಕು, ಒಂದೀಟು ಹಿಂದಿನಿಂದ ಏರಿಸ್ಕೊಂತ ಬರಬೇಕು. ಇನ್ನ ತಪ್ಪಸಬ್ಯಾಡ್ರಿ."

ಇಂಜೆಕ್ಷನ್ ಆಯಿತು. ಮೂವರೂ ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಮಗಳು ಎದುರಿನ ಮೀನಿನ ತೊಟ್ಟಿಯ ಹತ್ತಿರ ಹೋಗಿ ಗಾಜಿಗೆ ಮೂಗು ಒತ್ತಿ ನಿಂತಳು. ನಾನು ಎದ್ದೆ, ಬಾಗಿಲ ತನಕ ಹೋದೆ, ಬಂದೆ, ಕೂತೆ.

"ಅವ್ವಾ," ಅಂದೆ, "ನಾನ ತಪ್ಪಿಸಿದ್ದೆ. ಸುಳ್ಳು ಹೇಳಿದ್ದೆ."

"ಹೂಂ."

"ಒಳಗ ಯಾಕ ಹೇಳಲಿಲ್ಲ ಮತ್ತ? ಹೇಳಬೇಕಿತ್ತು."

"ಮಗಳ ಮುಂದ ಹೇಳಲೇನೋ?"

ನಾನು ಧೈರ್ಯ ಮಾಡಿದೆ. "ಅವತ್ತು ಅಂದದ್ದು... ನನ್ನನ್ನ ಹಿಂಗ ಮಾಡಿ ಇಟ್ಟಿ ಅಂದದ್ದು, ಅದು ಖರೇ ಅಲ್ಲ ಅವ್ವಾ. ಸಿಟ್ಟಿನಾಗ ಬಂತು."

ಅವ್ವ ಮೊಮ್ಮಗಳನ್ನೇ ನೋಡುತ್ತಿದ್ದಳು. "ಸಿಟ್ಟಿನಾಗ ನೀ ಈಗ ಅಂದಿ," ಅಂದಳು. "ನಾನು ಸಿಟ್ಟು ಇಲ್ಲದನ ದಿನಾ ಅನಕೊಂತ ಬಂದೀನಿ. ನಿನಗ ಮೊದಲನೇ ಸಲ ಉಸಿರು ಹತ್ತಿದಾಗ ಮನಿಯಾಗ ಯಾರೂ ನನಗ ಒಂದು ಮಾತು ಅನಲಿಲ್ಲ. ನಿಮ್ಮಪ್ಪನೂ ಅನಲಿಲ್ಲ. ಕಣಕ್ಕ ಕಳಿಸಬಾರದಿತ್ತು ಅಂತ ಒಂದಿನ ಅನಕೊಂಡೆ, ತಣ್ಣೀರು ಹಾಕಬಾರದಿತ್ತು ಅಂತ ಒಂದಿನ. ಆಮ್ಯಾಲ ಧೂಳಿನಿಂದ ದೂರ ಇಟ್ಟದ್ದ ತಪ್ಪಾತೇನೋ ಅಂತ ಈ ವರ್ಷ. ಅದಕ್ಕ ಇಕಿಗಾದ್ರೂ ಮೊದಲ ರೂಢಿ ಮಾಡಸೂಣು ಅಂದೆ."

ಒಂಬತ್ತು ವರ್ಷದವನಾಗಿದ್ದಾಗಿನಿಂದ ನನ್ನ ಉಸಿರಿನ ಲೆಕ್ಕ ನನ್ನೊಬ್ಬನದೇ ಅಂದುಕೊಂಡಿದ್ದೆ.

"ಡಾಕ್ಟರ್ ಬಾಯಿ ಖಾತ್ರಿ ಕೊಟ್ಟಾಳೇನು, ಇಕಿಗೆ ಬರೂದಿಲ್ಲಂತ?" ಅವ್ವ ಕೇಳಿದಳು.

"ಇಲ್ಲ."

"ಮೂರು ವರ್ಷ ತಪ್ಪಸದ ಮಾಡಿಸಿದ್ರೂ?"

"ಬರದಂಗ ಆಗಬಹುದು ಅಂತಾರ. ಖಾತ್ರಿ ಇಲ್ಲ."

ಅವ್ವ ತಲೆಯಾಡಿಸಿದಳು. ಆಮೇಲೆ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ಆ ಕೈಯ ಕೆಳಗೆ ನನ್ನ ಕಾಲು ಅಲುಗುತ್ತಲೇ ಇತ್ತು.

"ಎಲ್ಲಾ ಮಾಡಿಸು. ಒಂದ ವಾರಾನೂ ಬಿಡಬ್ಯಾಡ. ಅಷ್ಟಾದ ಮ್ಯಾಲೂ ಬಂತಂದ್ರ," ಅಂದಳು, "ನಾ ದಿನಾ ಅನಕೊಂಡಂಗ ತಪ್ಪು ನಂದ ಅಂತ ನೀ ಅನಕೋಬ್ಯಾಡಪಾ. ಅದು ದಮ್ಮಿಗಿಂತ ಭಾಳ ಕೆಟ್ಟ."

ಮೀನಿನ ತೊಟ್ಟಿಯ ಹತ್ತಿರದಿಂದ ಮಗಳು ಓಡಿ ಬಂದಳು. "ಅಜ್ಜಿ, ತುರಸಾಕತ್ತೈತಿ," ಎಂದು ತೋಳು ಚಾಚಿದಳು. ಸೂಜಿ ಚುಚ್ಚಿದ ಕಡೆ ಸಣ್ಣಗೆ ಕೆಂಪು, ಪ್ರತಿ ವಾರ ಇರುವಷ್ಟೇ. ಅವ್ವ ಆ ತೋಳನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಊದತೊಡಗಿದಳು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿ, ಅಷ್ಟು ಜನರ ನಡುವೆ, ಅತ್ತುಬಿಟ್ಟೆ.